ಕಂದನ ಬಾಯಲ್ಲಿರುವ ಗಿಲಕಿ

ಈದ್ ನಮಾಝ್ ಮುಗಿಸಿ ಹೊರಬರುವ ತಂದೆಯ ಬೆರಳು ಹಿಡಿದ ಮಗು ಮೊದಲು ನೋಡುವುದು ಆಟಿಕೆಗಳ ತಳ್ಳುಗಾಡಿಯನ್ನು. ರೋಣ, ನರಗುಂದ, ಗಜೇಂದ್ರಗಡದಂತಹ ಊರುಗಳಲ್ಲಿ ಉರೂಸ್, ಜಾತ್ರೆ, ವಾರದ ಸಂತೆ ಯಾವುದೇ ಇರಲಿ, ಹತ್ತಿಪ್ಪತ್ತು ರೂಪಾಯಿಗೆ ಬಣ್ಣಬಣ್ಣದ ಮೆತ್ತನೆಯ ಪ್ಲಾಸ್ಟಿಕ್ ಬಾತುಕೋಳಿ ದೊರೆಯುತ್ತದೆ. ಮನೆ ತಲುಪುವ ಮೊದಲೇ ಅದು ಕಂಕುಳಲ್ಲಿರುವ ಕೂಸಿನ ಬಾಯಿ ಸೇರಿರುತ್ತದೆ. ಅದನ್ನು ಅಷ್ಟು ಮೆತ್ತಗಾಗಿಸಿದ್ದು ಏನು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಪಿವಿಸಿ ಎಂಬ ಪ್ಲಾಸ್ಟಿಕ್ ಮೂಲತಃ ಗಡುಸು. ನೀರಿನ ಪೈಪುಗಳೇ ಇದಕ್ಕೆ ಸಾಕ್ಷಿ. ಅದನ್ನು ಹಿಚುಕಲು ಬರುವಂತೆ ಮಾಡಲು ಥ್ಯಾಲೇಟ್ ಎಂಬ ಎಣ್ಣೆಯಂತಹ ರಾಸಾಯನಿಕವನ್ನು ಬೆರೆಸಲಾಗುತ್ತದೆ. ಕೆಲವೊಮ್ಮೆ ಅದು ಆಟಿಕೆಯ ತೂಕದ ಮೂರನೇ ಒಂದು ಭಾಗದಷ್ಟೂ ಇರುತ್ತದೆ. ತೊಡಕಿರುವುದು ಇಲ್ಲಿಯೇ. ಥ್ಯಾಲೇಟ್ ಪ್ಲಾಸ್ಟಿಕ್‌ನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ; ಮಗು ಚೀಪಿದಾಗ, ಜಗಿದಾಗ ಜೊಲ್ಲಿನೊಂದಿಗೆ ಹೊರಬಂದು ದೇಹ ಸೇರುತ್ತದೆ. ಇವುಗಳಲ್ಲಿ ಕೆಲವು ಹಾರ್ಮೋನುಗಳ ಕೆಲಸಕ್ಕೆ ಅಡ್ಡಿಪಡಿಸುತ್ತವೆ, ವಿಶೇಷವಾಗಿ ಗಂಡು ಮರಿಗಳ ಜನನೇಂದ್ರಿಯದ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತವೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ದೃಢಪಟ್ಟಿದೆ. ಒಂದು ಆಟಿಕೆಯಿಂದ ನಾಳೆಯೇ ಮಗು ಕಾಯಿಲೆ ಬೀಳುತ್ತದೆಂದು ಯಾರೂ ಹೇಳುತ್ತಿಲ್ಲ. ನಾಳೆಯೇ ಕಾಣಿಸಿಕೊಳ್ಳದ ಹಾನಿಯಾದ್ದರಿಂದಲೇ ಅದನ್ನು ಕಡೆಗಣಿಸುವುದು ಸುಲಭವಾಗಿದೆ.

ಯುರೋಪಿನ ಒಕ್ಕೂಟವು 1999ರಲ್ಲಿ ತಾತ್ಕಾಲಿಕ ನಿಷೇಧ ಹೇರಿ, 2005ರಲ್ಲಿ ಶಾಶ್ವತ ಕಾನೂನು ರೂಪಿಸಿತು. ಶೇಕಡಾ 0.1ಕ್ಕಿಂತ ಹೆಚ್ಚು ನಿರ್ದಿಷ್ಟ ಥ್ಯಾಲೇಟ್‌ಗಳಿರುವ ಆಟಿಕೆಗಳಿಗೆ ಅಲ್ಲಿ ಮಾರುಕಟ್ಟೆಯಿಲ್ಲ. ಅಮೆರಿಕ 2008ರಲ್ಲಿ ಅದೇ ಹಾದಿ ಹಿಡಿಯಿತು. ನಮ್ಮಲ್ಲಿ? 2010ರ ಜನವರಿಯಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪರೀಕ್ಷಿಸಿದ 24 ಆಟಿಕೆಗಳಲ್ಲಿ ಪ್ರತಿಯೊಂದರಲ್ಲೂ ಥ್ಯಾಲೇಟ್ ಪತ್ತೆಯಾಗಿತ್ತು. ಆದರೂ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಆ ಹನ್ನೊಂದು ವರ್ಷಗಳಲ್ಲಿ ಹುಟ್ಟಿ ಬೆಳೆದ ಮಕ್ಕಳ ಲೆಕ್ಕವನ್ನು ಯಾರು ಕೊಡಬೇಕು?

ಕಾನೂನು ಬಂದಿತು ನಿಜ. ಆದರೆ ಆ ತಳ್ಳುಗಾಡಿಯ ಮೇಲಿನ ಬಾತುಕೋಳಿಯನ್ನು ತಿರುಗಿಸಿ ನೋಡಿರಿ. ಐಎಸ್‌ಐ ಗುರುತು ಇರಲಿ, ತಯಾರಕನ ಹೆಸರಾದರೂ ಇದೆಯೇ? ದೊಡ್ಡ ನಗರದ ಮಾಲ್‌ಗಳಲ್ಲಿ ದಾಳಿ ನಡೆದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ನರಗುಂದದ ಸಂತೆಯಲ್ಲಿ ಮಾರುವವನೂ ಬಡವ, ಕೊಳ್ಳುವವನೂ ಬಡವ. ನಮ್ಮ ಯುವಕರು ಹಲವರು ಇದೇ ವ್ಯಾಪಾರದಿಂದ ಸಂಸಾರ ತೂಗಿಸುತ್ತಿರುವುದರಿಂದ ಹೇಳಲೇಬೇಕು: ಗಾಡಿ ಜಪ್ತಿ ಮಾಡಿದರೆ ವಿಷ ನಿಲ್ಲದು. ಗುರುತಿಲ್ಲದ ಸರಕನ್ನು ಮೂಟೆಗಟ್ಟಲೆ ಇಳಿಸುವ ಸಗಟು ಗೋದಾಮನ್ನು ಬಿಟ್ಟು ತಳ್ಳುಗಾಡಿಯವನನ್ನು ಹಿಡಿಯುವುದು ಅಧಿಕಾರಿಗಳಿಗೆ ಸುಲಭ, ಅಷ್ಟೇ. ವ್ಯಾಪಾರಿ ಮಿತ್ರರೂ ಸಗಟು ವರ್ತಕನಲ್ಲಿ ಗುರುತಿರುವ ಸರಕನ್ನೇ ಕೇಳಬೇಕು, ರಸೀದಿ ಪಡೆಯಬೇಕು. ಸಗಟು ವರ್ತಕನ ಹೆಸರು ಅಧಿಕಾರಿಗಳಿಗೆ ಸಿಗುವುದು ಆ ರಸೀದಿಯಿಂದಲೇ.

ಬದಲಿ ದಾರಿ ದೂರವೇನೂ ಇಲ್ಲ. ಹಾಲೆಮರಕ್ಕೆ ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಗಿಲಕಿಗಳು ನಮ್ಮ ರಾಜ್ಯದವೇ; ಆ ಕುಶಲಕರ್ಮಿಗಳಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಬೆಲೆ ತುಸು ಹೆಚ್ಚು, ಬಾಳಿಕೆಯೂ ಹೆಚ್ಚು. ಮೂರು ಬಾತುಕೋಳಿಗಳ ಹಣಕ್ಕೆ ಒಂದು ಮರದ ಗಿಲಕಿ ಬರದಿದ್ದರೆ, ಈದಿಯ ಹಣದಲ್ಲಿ ಸ್ವಲ್ಪ ಸೇರಿಸಬಹುದು.

ಗದಗ ಜಿಲ್ಲಾಡಳಿತವು ಮುಂದಿನ ಜಾತ್ರೆ, ಉರೂಸ್‌ಗಳಿಗೆ ಮುನ್ನವೇ ಸಗಟು ಮಳಿಗೆಗಳನ್ನು ತಪಾಸಣೆ ಮಾಡಿಸಲಿ. ಅಂಗನವಾಡಿಗಳಿಗೆ ಪೂರೈಕೆಯಾಗುವ ಆಟಿಕೆಗಳಿಂದಲೇ ಆರಂಭವಾದರೂ ಆದೀತು. ತಾಯಂದಿರು ಅಲ್ಲಿಯವರೆಗೆ ಕಾಯಬೇಕಿಲ್ಲ: ಹಲ್ಲು ಮೂಡುವ ಕೂಸಿಗೆ ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರವಾದ ಹತ್ತಿ ಬಟ್ಟೆಯನ್ನು ಕೊಡಿರಿ. ನಮ್ಮ ಅಜ್ಜಿಯಂದಿರು ಅದನ್ನೇ ಕೊಡುತ್ತಿದ್ದರು.