ಮುರಿದದ್ದೆಲ್ಲ ಗುಜರಿಯಲ್ಲ



ತಳ ಸವೆದ ಅಲ್ಯೂಮಿನಿಯಂ ಪಾತ್ರೆಯನ್ನು ಗುಜರಿಗೆ ಹಾಕುವಾಗ ನಾವು ತೂಕ ನೋಡುತ್ತೇವೆ, ದರ ಕೇಳುತ್ತೇವೆ, ಮರೆತುಬಿಡುತ್ತೇವೆ. ಅದೇ ಲೋಹದಿಂದ ಮಾಡಿದ ಸಾವಿರಾರು ಯುದ್ಧವಿಮಾನಗಳು ಯುದ್ಧ ಮುಗಿದ ಮೇಲೆ ಏನಾದವು ಎಂದು ಎಂದಾದರೂ ಯೋಚಿಸಿದ್ದೀರಾ?

1945ರಲ್ಲಿ ಎರಡನೇ ಮಹಾಯುದ್ಧ ಮುಗಿದಾಗ ವಿಮಾನಗಳು ಯಾರಿಗೂ ಬೇಡವಾದವು. ಅಮೆರಿಕದ ಕಿಂಗ್‌ಮನ್ ಎಂಬ ಊರಿನಲ್ಲಿ 5 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಸಾಲಾಗಿ ನಿಲ್ಲಿಸಿದರು. ಅವುಗಳಲ್ಲಿ ಹೆಚ್ಚಿನವನ್ನು ತುಂಡರಿಸಿ, ಕುಲುಮೆಯಲ್ಲಿ ಕರಗಿಸಿ ಗಟ್ಟಿಗಳನ್ನಾಗಿ ಮಾಡಿದರು. ಬ್ರಿಟನ್ನಿನಲ್ಲಿ ವಿಮಾನ ಕಾರ್ಖಾನೆಗಳೇ 54 ಸಾವಿರದಷ್ಟು ಅಲ್ಯೂಮಿನಿಯಂ ಮನೆಗಳನ್ನು ತಯಾರಿಸಿದವು. ಬಾಂಬು ಹೊತ್ತು ತಿರುಗಿದ ಲೋಹ ಬಡವರ ತಲೆಯ ಮೇಲಿನ ಸೂರಾಯಿತು. ಕರಗುವುದೂ ಕೆಲವೊಮ್ಮೆ ಒಳ್ಳೆಯದೇ.

ನಮ್ಮ ದೇಶದ ಕಥೆ ಬೇರೆ. ಬ್ರಿಟಿಷರ ಬಳಿ ಅಮೆರಿಕದಿಂದ ಸಾಲದ ಕರಾರಿನಲ್ಲಿ ಬಂದ ಲಿಬರೇಟರ್ ಎಂಬ ನಾಲ್ಕು ಎಂಜಿನ್‌ಗಳ ದೊಡ್ಡ ವಿಮಾನಗಳಿದ್ದವು. ಯುದ್ಧ ಮುಗಿದ ಮೇಲೆ ಅವು ಬಳಕೆಗೆ ಉಳಿಯಬಾರದೆಂಬುದು ಕರಾರು. ಆದ್ದರಿಂದ ಕಾನ್ಪುರದ ಮೈದಾನದಲ್ಲಿ ಅವುಗಳನ್ನು ನಿಲ್ಲಿಸಿ, ಮತ್ತೆ ಯಾರೂ ಹಾರಿಸದಂತೆ ಬೇಕೆಂದೇ ಜಖಂಗೊಳಿಸಿ ಬಿಟ್ಟುಹೋದರು.

ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಗೆ ಅಂತಹ ವಿಮಾನಗಳ ಅಗತ್ಯವಿತ್ತು. ಆಗ ನೆನಪಾದದ್ದು ನಮ್ಮ ಬೆಂಗಳೂರು. 1940ರಲ್ಲಿ ಇಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಕೆಲಸಗಾರರು ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡಿ ಕೈ ಪಳಗಿಸಿಕೊಂಡಿದ್ದರು. ಅವರು ಕಾನ್ಪುರದ ರಾಶಿಯಲ್ಲಿ ಗಟ್ಟಿಯಾದದ್ದನ್ನು ಹುಡುಕಿದರು. ಹಾರುವಷ್ಟು ಮಟ್ಟಿಗೆ ಸರಿಪಡಿಸಿದ ಒಂದೊಂದನ್ನೂ ಪೈಲಟ್ ಜಮ್‌ಶೆದ್ ಮುನ್ಶಿ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ದುರಸ್ತಿಯಾಗದ ವಿಮಾನದಲ್ಲಿ ಅಷ್ಟು ದೂರ ಬರುವುದು ಪ್ರಾಣದ ಹಂಗು ತೊರೆದ ಕೆಲಸ. 1948ರ ನವೆಂಬರಿನಲ್ಲಿ ಮೊದಲ ವಿಮಾನಗಳು ವಾಯುಪಡೆ ಸೇರಿದವು. ಹೀಗೆ ಸುಮಾರು 40 ವಿಮಾನಗಳು ಮರುಜೀವ ಪಡೆದು, 1968ರವರೆಗೂ ಸೇವೆಯಲ್ಲಿದ್ದವು. ಅವುಗಳಲ್ಲಿ ಕೆಲವು ಇಂದು ಬ್ರಿಟನ್, ಅಮೆರಿಕ ಮತ್ತು ಕೆನಡಾದ ಮ್ಯೂಸಿಯಂಗಳಲ್ಲಿವೆ. ಒಡೆದು ಹೋದವರೇ ಕೇಳಿ ಪಡೆದು ಜೋಪಾನ ಮಾಡಿಟ್ಟಿದ್ದಾರೆ ನೋಡಿ!

ಮುನ್ಶಿಯವರ ಹೆಸರು ಉಳಿಯಿತು. ತಗಡು ತಟ್ಟಿದವರ, ತಂತಿ ಜೋಡಿಸಿದವರ ಹೆಸರು ನಮಗ್ಯಾರಿಗೂ ತಿಳಿಯದು.

ಇದನ್ನು ಈ ಅಂಕಣದಲ್ಲಿ ಬರೆಯಲು ಕಾರಣವಿದೆ. ನಮ್ಮ ಸುಂಕದಕಟ್ಟೆಯಲ್ಲಿ ಗುಜರಿ ಅಂಗಡಿ, ವೆಲ್ಡಿಂಗ್ ಶೆಡ್, ಮೆಕ್ಯಾನಿಕ್ ಕೆಲಸದಿಂದ ಒಲೆ ಉರಿಯುವ ಮನೆಗಳು ಎಷ್ಟಿಲ್ಲ? ಆದರೆ ಶಾಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿಗೆ ಬಂದಾಗ ತಾಯಂದಿರ ದನಿ ಇಳಿಯುತ್ತದೆ. ‘ಬಿಸಿನೆಸ್ ಅಂತ ಬರೀರಿ ಮೇಡಂ’ ಎನ್ನುತ್ತಾರೆ. ಪಕ್ಕದಲ್ಲಿ ನಿಂತ ಮಗು ಅದನ್ನು ಕೇಳಿಸಿಕೊಳ್ಳುತ್ತದೆ. ತಂದೆಯ ದುಡಿಮೆ ಮುಚ್ಚಿಡಬೇಕಾದದ್ದು ಎಂಬ ಪಾಠವನ್ನು ನಾವು ಕಲಿಸುವ ಮೊದಲೇ ಕಲಿತುಬಿಡುತ್ತದೆ.

ಸಹೋದರಿ, ಹಳೆಯ ಅಲ್ಯೂಮಿನಿಯಂ ಕರಗಿಸಲು ಬೇಕಾಗುವ ಶಕ್ತಿ, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವುದರಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ. ನಿಮ್ಮ ಪತಿ ಮೂಟೆ ಕಟ್ಟಿ ತರುವುದು ಕಸವಲ್ಲ, ನಾಡಿನ ಉಳಿತಾಯ. ಅವರ ಕೈಗೆ ಗ್ಲೌಸ್ ಇದೆಯೇ, ತಂತಿ ಸುಡುವ ಹೊಗೆ ಮಕ್ಕಳ ಮೂಗಿಗೆ ಬಡಿಯುತ್ತಿದೆಯೇ ಎಂದು ವಿಚಾರಿಸಿ. ಮಗನನ್ನು ತಪ್ಪದೆ ಓದಿಸಿ. ಆದರೆ ಮುಂದಿನ ಬಾರಿ ಅರ್ಜಿ ತುಂಬುವಾಗ ‘ಗುಜರಿ ವ್ಯಾಪಾರ’ ಎಂದೇ ಬರೆಸಿ, ಮಗುವಿಗೆ ಕೇಳಿಸುವಷ್ಟು ಗಟ್ಟಿಯಾಗಿ.