ಕಾಡಿನ ಬೆಂಕಿಯೂ ನಾಡಿನ ಭಯವೂ

ಬೇಸಗೆ ಬಂತೆಂದರೆ ನಮ್ಮ ನಗರದ ವೃಕ್ಷಪ್ರೇಮಿಗಳಿಗೆ ಕಾಡಿನ ಚಿಂತೆ ಹತ್ತುತ್ತದೆ. ಎಲ್ಲಿ ಹೊಗೆ ಎದ್ದರೂ ಅದು ಕಾಡುಜನರ ಕಿಡಿಗೇಡಿತನವೆಂದು ತೀರ್ಪು ಕೊಟ್ಟು, ‘ಕಾಡಿಗೆ ಬೀಗ ಹಾಕಿ’ ಎನ್ನುತ್ತಾರೆ. ಮನುಷ್ಯ ಕೈಯಿಡದಿದ್ದರೆ ಕಾಡು ಇದ್ದಂತೆಯೇ ಇರುತ್ತದೆಂಬುದು ಅವರ ನಂಬಿಕೆ. ಬಿಳಿಗಿರಿರಂಗನ ಬೆಟ್ಟ ಈ ನಂಬಿಕೆಯನ್ನು ಸುಳ್ಳು ಮಾಡಿದೆ.

ಅಲ್ಲಿಯ ಸೋಲಿಗರು ತಲೆಮಾರುಗಳಿಂದ ‘ತರಗು ಬೆಂಕಿ’ ಹಾಕುತ್ತಿದ್ದರು. ಜನವರಿ, ಫೆಬ್ರವರಿಯಲ್ಲಿ, ಬಿಸಿಲು ಬಲಿಯುವ ಮುನ್ನ ಹಚ್ಚಿದ ಈ ಬೆಂಕಿ ಒಣ ಎಲೆಯನ್ನೂ ಹುಲ್ಲನ್ನೂ ಸುಟ್ಟು, ನೆಲಮಟ್ಟದಲ್ಲೇ ಹರಿದು ಆರುತ್ತಿತ್ತು. ಎಲೆಯುದುರುವ ಕಾಡಿನ ದಪ್ಪ ತೊಗಟೆಯ ಮರಗಳು ಅದನ್ನು ತಾಳಿಕೊಳ್ಳುತ್ತಿದ್ದವು. ಹೊಸ ಹುಲ್ಲು ಚಿಗುರಿ ಜಿಂಕೆ ಕಾಟಿಗಳಿಗೆ ಮೇವಾಗುತ್ತಿತ್ತು. ನೆಲ್ಲಿಮರದ ಸಾರ ಹೀರುವ ‘ಉಪ್ಪಿಲು’ ಎಂಬ ಬದನಿಕೆಯೂ ಇದರಿಂದಲೇ ಹತೋಟಿಯಲ್ಲಿತ್ತೆಂಬುದು ಸೋಲಿಗರ ಅನುಭವ.

1972ರ ವನ್ಯಜೀವಿ ಕಾಯಿದೆ ಅಭಯಾರಣ್ಯಗಳಲ್ಲಿ ಬೆಂಕಿಯನ್ನು ನಿಷೇಧಿಸಿತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬರಬರುತ್ತ ತರಗು ಬೆಂಕಿ ನಿಂತಿತು. ಇತ್ತ ಲಂಟಾನ ಹಬ್ಬಿತು. ಅಮೆರಿಕದ ಉಷ್ಣವಲಯದಿಂದ ಉದ್ಯಾನದ ಅಂದಕ್ಕೂ ಬೇಲಿಗೂ ಎಂದು ಬ್ರಿಟಿಷರ ಕಾಲದಲ್ಲಿ ತಂದ ಗಿಡ ಇದು. ಬೇಲಿಯೇ ಎದ್ದು ಕಾಡನ್ನು ಮೇಯ್ದಿತು! ಬೆಟ್ಟದಲ್ಲಿ ಗುರುತುಮಾಡಿ ಪರೀಕ್ಷಿಸಿದ ತುಣುಕುಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನವಿತ್ತು, 2008ರಲ್ಲಿ 81ರಲ್ಲಿ. ಬೆಂಕಿ ನಿಂತದ್ದೊಂದೇ ಇದಕ್ಕೆ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೆ ಬೀಗ ಹಾಕಿದ್ದರಿಂದ ಕಾಡು ಇದ್ದಂತೆ ಉಳಿಯಲಿಲ್ಲವೆಂಬುದಂತೂ ದಿಟ. ಈಗ ಕಡುಬೇಸಗೆಯಲ್ಲಿ ಕಿಡಿ ಬಿದ್ದರೆ, ಒಣಗಿ ನಿಂತ ಲಂಟಾನದ ಪೊದೆಗಳೇ ಏಣಿಯಾಗಿ ಬೆಂಕಿ ಮರದ ನೆತ್ತಿಗೇರುತ್ತದೆ.

ಹಾಗಾದರೆ ನಾಳೆಯೇ ಕಾಡಿಗೆ ಕೊಳ್ಳಿ ಇಡಬೇಕೆ? ಖಂಡಿತ ಇಲ್ಲ. ಮೊದಲು ಲಂಟಾನವನ್ನು ಬೇರುಸಹಿತ ಕಿತ್ತು ತೆಗೆಯಬೇಕು. ಅನಂತರ ಕಾಲವನ್ನೂ ಜಾಗವನ್ನೂ ನೋಡಿ ಸಣ್ಣ ಬೆಂಕಿ ಹಾಕಬೇಕು. ಸದಾ ಹಸುರಾಗಿರುವ ಶೋಲೆ ಕಾಡಿಗೆ ಅದು ಸಲ್ಲದು. ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಬಲ್ಲವರು ಅಲ್ಲಿಯೇ ಇದ್ದಾರೆ. 2011ರಲ್ಲಿ ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಜೇನು, ನೆಲ್ಲಿ ಆಯುವುದಷ್ಟೇ ಆ ಹಕ್ಕಲ್ಲ. ಕಾಡನ್ನು ಕಾಪಾಡಿ ನಿರ್ವಹಿಸುವುದೂ ಹಕ್ಕೆಂದು 2006ರ ಅರಣ್ಯ ಹಕ್ಕು ಕಾಯಿದೆಯೇ ಹೇಳುತ್ತದೆ. ಆ ಮಾತು ಕಾಗದದಿಂದ ನೆಲಕ್ಕಿಳಿಯಬೇಕು. ಬೆಂಕಿಯ ವಿಚಾರದಲ್ಲಿ ಅರಣ್ಯ ಇಲಾಖೆ ಸೋಲಿಗರ ಹಿರಿಯರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು.

ಸೌದೆ ಒಲೆಯನ್ನೇ ಮರೆತಿರುವ ನಾವು ಅವರಿಗೆ ಬೆಂಕಿಯ ಪಾಠ ಹೇಳುವುದನ್ನು ಇನ್ನಾದರೂ ನಿಲ್ಲಿಸೋಣ.