ಗಣಕದ ಪಹಣಿ ತಿದ್ದುವ ಮುನ್ನ



ಕೃಷ್ಣರಾಜನಗರ ತಾಲ್ಲೂಕಿನ ನಿವೃತ್ತ ಉಪಾಧ್ಯಾಯರೊಬ್ಬರು ನಮಗೆ ಬರೆದ ಓಲೆಯೇ ಈ ತಿಂಗಳ ಅಂಕಣಕ್ಕೆ ಕಾರಣ. ಅವರ ತಾಯಿಯವರು ಮದುವೆ, ಸೀಮಂತ, ತೊಟ್ಟಿಲು ಶಾಸ್ತ್ರಗಳಲ್ಲಿ ಹಾಡುತ್ತಿದ್ದ ಸೋಬಾನೆ ಪದಗಳನ್ನೂ ಶರಣರ ಮೇಲಿನ ಹಾಡುಗಳನ್ನೂ ಮೇಷ್ಟ್ರು ನಾಲ್ಕು ವರ್ಷಗಳಿಂದ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದರು. ತಾಯಿಯವರು ಲಿಂಗೈಕ್ಯರಾಗಿದ್ದಾರೆ. ಹಾಡುಗಳಿಗೆ ಬೇರೆ ಪ್ರತಿಯಿಲ್ಲ. ಒಂದು ಬೆಳಗ್ಗೆ ಕಡತವನ್ನು ತೆರೆದಾಗ ಕನ್ನಡದ ಸಾಲುಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ತುಂಬಿದ್ದವಂತೆ.

ಕಾಲೇಜಿಗೆ ಹೋಗುವ ಮೊಮ್ಮಗ ನೋಡಿ, "ತಾತ, ರಿಜಿಸ್ಟ್ರಿ ಕೆಟ್ಟಿರಬೇಕು. ಅದನ್ನು ತಿದ್ದುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಾಕಿಬಿಡಲೇ?" ಎಂದನಂತೆ. "ಸ್ವಲ್ಪ ತಡೆಯಪ್ಪ, ತಿಳಿದವರನ್ನು ಕೇಳೋಣ" ಎಂದು ಅವನನ್ನು ನಿಲ್ಲಿಸಿ, ಉಚಿತವಾಗಿ ಸಿಗುವವುಗಳಲ್ಲಿ ಯಾವುದು ಒಳ್ಳೆಯದೆಂದು ಮೇಷ್ಟ್ರು ನಮ್ಮನ್ನು ಕೇಳಿದ್ದಾರೆ. ಹಾಗೆ ತಡೆದದ್ದು ಬಹಳ ಒಳ್ಳೆಯದಾಯಿತು. ಓಲೆ ಕೈಸೇರಿದ ದಿನವೇ ದೂರವಾಣಿ ಮಾಡಿ, ಏನನ್ನೂ ಮುಟ್ಟಬೇಡಿರೆಂದು ಅವರಿಗೆ ತಿಳಿಸಿದೆವು.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಲ್ಲಿ ರಿಜಿಸ್ಟ್ರಿ ಎಂದೊಡನೆ ಹಿರಿಯರಿಗೆ ನೆನಪಾಗುವುದು ಕ್ರಯಪತ್ರ ಮತ್ತು ಉಪನೋಂದಣಾಧಿಕಾರಿಗಳ ಕಚೇರಿ. ಗಣಕಯಂತ್ರದ ರಿಜಿಸ್ಟ್ರಿಯೂ ಅದರಿಂದ ಬಹಳ ದೂರವಿಲ್ಲ. ವಿಂಡೋಸ್ ಎಂಬ ಕಾರ್ಯವ್ಯವಸ್ಥೆ ತನ್ನ ಯಂತ್ರದಲ್ಲಿ ಯಾವ ತಂತ್ರಾಂಶವಿದೆ, ಮುದ್ರಕ ಯಾವುದು, ಕೀಲಿಮಣೆ ಯಾವ ಭಾಷೆಯದು, ಅಕ್ಷರಶೈಲಿಗಳು ಯಾವುವು ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುವ ಪಹಣಿ ಪುಸ್ತಕವದು. 1992ರ ವಿಂಡೋಸ್ 3.1ರಲ್ಲಿ ಸಣ್ಣದಾಗಿ ಆರಂಭವಾಗಿ, 1995ರ ವಿಂಡೋಸ್ 95ರ ಹೊತ್ತಿಗೆ ಇಡೀ ವ್ಯವಸ್ಥೆಯ ಬೆನ್ನೆಲುಬಾಯಿತು.

ಪಹಣಿಯಲ್ಲಿ ಹಿಸ್ಸಾ ನಂಬರಿನ ಒಂದು ಅಂಕಿ ತಪ್ಪಿದರೆ ಹೊಲ ಎಲ್ಲಿಗೂ ಹೋಗುವುದಿಲ್ಲ. ಬದು ಅಲ್ಲೇ ಇರುತ್ತದೆ, ಬೆಳೆಯೂ ಅಲ್ಲೇ ಇರುತ್ತದೆ. ಆದರೆ ಸಾಲ ಹುಟ್ಟುವುದಿಲ್ಲ, ಪರಿಹಾರ ಬರುವುದಿಲ್ಲ, ತಿದ್ದುಪಡಿಗಾಗಿ ನಾಡಕಚೇರಿಗೂ ತಾಲ್ಲೂಕು ಕಚೇರಿಗೂ ಅಲೆದು ಚಪ್ಪಲಿ ಸವೆಯುತ್ತದೆ. ಗಣಕದಲ್ಲಿಯೂ ಹಾಗೆಯೇ. ಮೇಷ್ಟ್ರ ತಾಯಿಯವರ ಹಾಡುಗಳು, ಹೊಗೆಸೊಪ್ಪಿನ ಮನೆಯವರ ಬ್ಯಾರನ್ ಸೌದೆಯ ಲೆಕ್ಕ, ಮಗಳ ಅಂಕಪಟ್ಟಿಯ ಪ್ರತಿ ಇವೆಲ್ಲ ಹೊಲವಿದ್ದಂತೆ. ಅವು ಇರುವುದು ರಿಜಿಸ್ಟ್ರಿಯಲ್ಲಲ್ಲ, ಬೇರೆಯಾಗಿ. ರಿಜಿಸ್ಟ್ರಿ ಕೆಟ್ಟಿತೆಂದ ಮಾತ್ರಕ್ಕೆ ಕಡತ ನಾಶವಾಯಿತೆಂದು ಎದೆಗುಂದಬೇಕಾಗಿಲ್ಲ. ಯಂತ್ರವೇ ಏಳದಿದ್ದರೂ ತಿಳಿದವರ ಕೈಯಲ್ಲಿ ಡಿಸ್ಕನ್ನು ಬಿಚ್ಚಿಸಿ, ಇನ್ನೊಂದು ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಬಹುಮಟ್ಟಿಗೆ ತೆಗೆದುಕೊಳ್ಳಬಹುದು. ಗಾಬರಿಯಿಂದ ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿದಾಗಲೇ ಹೊಲವೂ ಹೋಗುವುದು.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಯಂತ್ರ ನಿಧಾನವಾಯಿತೆಂದು ಪೇಟೆಯ ಅಂಗಡಿಯೊಂದಕ್ಕೆ ಕೊಂಡೊಯ್ದೆವು. ಅಲ್ಲಿಯ ಹುಡುಗ ಉಚಿತ ತಂತ್ರಾಂಶವೊಂದನ್ನು ಹಾಕಿ, "ಸಾರ್, ರಿಜಿಸ್ಟ್ರಿಯಲ್ಲಿ ಎಂಟುನೂರು ತಪ್ಪುಗಳಿವೆ, ಎಲ್ಲ ಕ್ಲೀನ್ ಮಾಡಿದ್ದೇನೆ" ಎಂದು ಹೆಮ್ಮೆಯಿಂದ ತೋರಿಸಿದ. ಎಂಟುನೂರು ತಪ್ಪು ಹೊತ್ತುಕೊಂಡು ಯಂತ್ರ ಅಷ್ಟು ದಿನ ಹೇಗೆ ನಡೆದಿತ್ತೆಂದು ಕೇಳುವ ಬುದ್ಧಿ ನಮಗೂ ಹೊಳೆಯಲಿಲ್ಲ. ಮನೆಗೆ ಬಂದು ನೋಡಿದರೆ ಮುದ್ರಕ ಕಾಣಿಸದು, ಕನ್ನಡ ಕೀಲಿಮಣೆ ಇಲ್ಲ. ಹಿಂದಿನ ಸ್ಥಿತಿಗೆ ಮರಳೋಣವೆಂದರೆ ಯಾವ ಪ್ರತಿಯನ್ನೂ ತೆಗೆದಿಟ್ಟಿರಲಿಲ್ಲ. ಮೂರು ದಿನ ಹಿಡಿಯಿತು. ಯಂತ್ರದ ನಿಧಾನ ಮಾತ್ರ ಮೊದಲಿನಂತೆಯೇ ಉಳಿಯಿತು!

ಆದುದರಿಂದ ಮೊದಲಿಗೆ ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ರಿಜಿಸ್ಟ್ರಿಯನ್ನು ತೆರೆದು ತೋರಿಸಿ, ನಾವು ಹೇಳಿದ ಒಂದು ನಮೂದನ್ನಷ್ಟೇ ಬದಲಿಸುವ ತಂತ್ರಾಂಶ ಬೇರೆ; ತಾನೇ ಹುಡುಕಿ, ತಾನೇ ತಪ್ಪೆಂದು ತೀರ್ಮಾನಿಸಿ, ನೂರಾರು ನಮೂದುಗಳನ್ನು ಗುಡಿಸಿಹಾಕುವ ತಂತ್ರಾಂಶ ಬೇರೆ. ಎರಡನೆಯ ಬಗೆಯದು ಬೇಡವೇ ಬೇಡ. ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಸಂಸ್ಥೆಯೇ ಇಂಥವುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲವೆಂದೂ, ಕೆಲವೊಮ್ಮೆ ಇಡೀ ವ್ಯವಸ್ಥೆಯನ್ನು ಮರುಸ್ಥಾಪಿಸಬೇಕಾದೀತೆಂದೂ ಸ್ಪಷ್ಟವಾಗಿ ಹೇಳಿದೆ. 1990ರ ದಶಕದಲ್ಲಿ ಅದೇ ಸಂಸ್ಥೆ ರೆಜ್‌ಕ್ಲೀನ್ ಎಂಬ ಇಂಥದೊಂದನ್ನು ಹೊರತಂದು ಮುಂದೆ ಹಿಂತೆಗೆದುಕೊಂಡಿತು. ಇನ್ನು 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಉಚಿತ ತಂತ್ರಾಂಶದ 5.33ನೆಯ ಆವೃತ್ತಿಯೊಳಕ್ಕೆ ದುಷ್ಕರ್ಮಿಗಳು ಕೇಡಿನ ಸಂಕೇತವನ್ನು ಸೇರಿಸಿದ್ದರು. ತಯಾರಕರ ಸ್ವಂತ ತಾಣದಿಂದಲೇ ಅದು ಸುಮಾರು ಒಂದು ತಿಂಗಳು ಹಂಚಿಕೆಯಾಗಿ, 20 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಸೇರಿತು. ದಾಸೋಹದ ಮನೆಯಲ್ಲಿ ಬೆಳೆದ ನಮಗೆ ಪುಕ್ಕಟೆಯಾಗಿ ಕೊಡುವವರ ಮೇಲೆ ಸಂಶಯ ಬರುವುದು ಕಷ್ಟ. ಆದರೆ ಪೇಟೆಯಲ್ಲಿ ಉಚಿತವೆಂದು ಹಂಚುವುದೆಲ್ಲ ದಾಸೋಹವಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ನಮ್ಮ ಅಭಿಪ್ರಾಯದಲ್ಲಿ, ಯಂತ್ರದಲ್ಲಿ ಈಗಾಗಲೇ ಇರುವುದನ್ನೇ. ವಿಂಡೋಸಿನ ಜೊತೆಯಲ್ಲಿಯೇ ರಿಜಿಸ್ಟ್ರಿ ಎಡಿಟರ್ ಬಂದಿರುತ್ತದೆ. ಕೀಲಿಮಣೆಯ ವಿಂಡೋಸ್ ಗುಂಡಿಯನ್ನೂ ಆರ್ ಅಕ್ಷರವನ್ನೂ ಕೂಡಿ ಒತ್ತಿ, ಆರ್-ಇ-ಜಿ-ಇ-ಡಿ-ಐ-ಟಿ ಎಂಬ ಏಳು ಅಕ್ಷರಗಳನ್ನು ಬರೆದರೆ ತೆರೆದುಕೊಳ್ಳುತ್ತದೆ. ಇದರಲ್ಲಿ ಎರಡು ಕೊರತೆಗಳಿವೆ. ಉಳಿಸು ಎಂಬ ಗುಂಡಿಯಿಲ್ಲ, ಬರೆದ ಕ್ಷಣವೇ ಬದಲಾವಣೆ ಜಾರಿಯಾಗುತ್ತದೆ. ಮಾಡಿದ್ದನ್ನು ಹಿಂತೆಗೆಯುವ ಅನ್‌ಡು ಎಂಬುದೂ ಇಲ್ಲ. ಆದಕಾರಣ ತಿದ್ದುವ ಮೊದಲು ಫೈಲ್ ಪಟ್ಟಿಯಲ್ಲಿರುವ ಎಕ್ಸ್‌ಪೋರ್ಟ್ ಎಂಬುದನ್ನು ಒತ್ತಿ, ತಾವು ಮುಟ್ಟಲಿರುವ ಶಾಖೆಯ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಡಲೇಬೇಕು.

ಇಲ್ಲಿ ಬಹುಮಂದಿ ಮೋಸಹೋಗುವ ಒಂದು ಸೂಕ್ಷ್ಮವಿದೆ. ಹಾಗೆ ತೆಗೆದಿಟ್ಟ ಪ್ರತಿಯನ್ನು ಮರಳಿ ಸೇರಿಸಿದಾಗ ಅಳಿಸಿಹೋದದ್ದು ಬರುತ್ತದೆ, ಬದಲಾದದ್ದು ಮೊದಲಿನಂತಾಗುತ್ತದೆ. ಆದರೆ ನಡುವೆ ಹೊಸದಾಗಿ ಸೇರಿಸಿದ ನಮೂದು ಹಾಗೆಯೇ ಉಳಿದುಬಿಡುತ್ತದೆ. ಅದನ್ನು ಕೈಯಾರೆ ತೆಗೆಯಬೇಕು. ಆದ್ದರಿಂದ ಏನನ್ನು ಸೇರಿಸಿದೆವೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳಿತು. ಇದಲ್ಲದೆ ಸಿಸ್ಟಮ್ ರಿಸ್ಟೋರ್ ಎಂಬ ಸೌಕರ್ಯದಲ್ಲಿ ಒಂದು ಮರಳುಬಿಂದುವನ್ನೂ ಮಾಡಿಡಬೇಕು. ಇದು ಅನೇಕ ಯಂತ್ರಗಳಲ್ಲಿ ಮುಚ್ಚಿರುತ್ತದೆ. ಸಿಸ್ಟಮ್ ಪ್ರೊಟೆಕ್ಷನ್ ಎಂಬಲ್ಲಿ ತೆರೆದುಕೊಳ್ಳಬೇಕು. ಹಿಂದೆ ವಿಂಡೋಸ್ ತಾನೇ ರಿಜಿಸ್ಟ್ರಿಯ ಪ್ರತಿಯೊಂದನ್ನು ಆಗಾಗ್ಗೆ ತೆಗೆದಿಡುತ್ತಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803ನೆಯ ಆವೃತ್ತಿಯಿಂದ ಈಚೆಗೆ, ಡಿಸ್ಕಿನ ಜಾಗ ಉಳಿಸುವ ಸಲುವಾಗಿ, ಆ ರೂಢಿಯನ್ನು ನಿಲ್ಲಿಸಲಾಗಿದೆ. ಯಂತ್ರವೇ ನೋಡಿಕೊಳ್ಳುತ್ತದೆಂಬ ಹಳೆಯ ನಂಬಿಕೆ ಈಗ ಸಲ್ಲದು.

ಅನ್‌ಡು ಸೌಕರ್ಯ ಬೇಕೇಬೇಕೆನ್ನುವವರಿಗೆ ರಿಜಿಸ್ಟ್ರಿ ಫೈಂಡರ್, ರೆಜ್‌ಕೂಲ್ ಎಂಬ ಎರಡು ಉಚಿತ ತಂತ್ರಾಂಶಗಳಿವೆ. ಎರಡರಲ್ಲಿಯೂ ಮಾಡಿದ ಬದಲಾವಣೆಯನ್ನು ಹಿಂತೆಗೆಯಬಹುದು, ಹುಡುಕಾಟವೂ ವಿಂಡೋಸಿನದಕ್ಕಿಂತ ಚುರುಕು. ತಂತ್ರಾಂಶವೊಂದನ್ನು ಹಾಕುವ ಮೊದಲು ಮತ್ತು ಆಮೇಲೆ ರಿಜಿಸ್ಟ್ರಿಯಲ್ಲಿ ಏನೇನು ಬದಲಾಯಿತೆಂದು ಹೋಲಿಸಿ ತೋರಿಸುವ ರೆಜ್‌ಶಾಟ್ ಎಂಬುದು ಮುಕ್ತ ತಂತ್ರಾಂಶ, ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಯಾವುದನ್ನೇ ಆಗಲಿ ತಯಾರಕರ ಸ್ವಂತ ತಾಣದಿಂದಲೇ ಪಡೆಯಬೇಕು. ಹುಡುಕಿದಾಗ ಮೊದಲಿಗೆ ಕಾಣುವ ಜಾಹೀರಾತನ್ನು ಒತ್ತಬಾರದು. ಸಿಕ್ಲೀನರಿನ ಪ್ರಸಂಗ ನೋಡಿದರೆ ಇದರಿಂದ ಪೂರ್ಣ ರಕ್ಷಣೆ ಸಿಕ್ಕಿತೆನ್ನಲಾಗದು. ಅಪಾಯ ಕಡಿಮೆಯಾಗುತ್ತದೆ, ಅಷ್ಟೆ. ತಪ್ಪುಗಳ ಸಂಖ್ಯೆಯನ್ನು ಕೆಂಪಕ್ಷರದಲ್ಲಿ ತೋರಿಸಿ, ಸರಿಪಡಿಸಲು ಹಣ ಕಟ್ಟಿರೆಂದು ಕೇಳುವುದನ್ನು ಅಲ್ಲಿಗೇ ಮುಚ್ಚಿಬಿಡಿ.

ರಿಜಿಸ್ಟ್ರಿಗೆ ಕೈಹಾಕಲು ಹೊರಡುವವರಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವೇ ಇರುವುದಿಲ್ಲ. ಯಂತ್ರ ಏಳಲು ತಡವಾಗುತ್ತಿದ್ದರೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪುಟದಲ್ಲಿ ಬೇಡವಾದವುಗಳನ್ನು ನಿಲ್ಲಿಸಿದರೆ ಸಾಕು. ಇನ್ನೂ ಆಳವಾಗಿ ನೋಡಬೇಕೆಂದರೆ ಸಿಸ್‌ಇಂಟರ್ನಲ್ಸ್ ಬಳಗದ ಆಟೋರನ್ಸ್ ಇದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಆರಂಭಿಸಿದ ಈ ಬಳಗವನ್ನು 2006ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೇ ಕೊಂಡಿತು. ಇಂದಿಗೂ ಉಚಿತವಾಗಿಯೇ ಸಿಗುತ್ತದೆ. ಅಲ್ಲಿ ನಮೂದನ್ನು ಅಳಿಸಬೇಕಾಗಿಲ್ಲ, ಎದುರಿನ ಗುರುತನ್ನು ತೆಗೆದರಾಯಿತು. ತೊಂದರೆಯಾದರೆ ಮತ್ತೆ ಗುರುತು ಹಾಕಬಹುದು. ಕನ್ನಡ ಕೀಲಿಮಣೆ ಕಾಣದಾದರೆ ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಮುಗಿಯಿತು. 2019ರಿಂದ ಈಚೆಗೆ ಉಚ್ಚಾರಣೆಯಂತೆ ಬರೆಯುವ ಕೀಲಿಮಣೆಯೂ ವಿಂಡೋಸಿನಲ್ಲಿಯೇ ಇದೆ.

ಮೇಷ್ಟ್ರ ವಿಷಯಕ್ಕೆ ಬರೋಣ. ಅವರು ಬೆರಳಚ್ಚು ಮಾಡಿದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ. ಅಂಥ ಕಡತಗಳೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ನುಡಿಯ ಅಕ್ಷರಶೈಲಿ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ. ಶೈಲಿ ಯಂತ್ರದಿಂದ ತಪ್ಪಿಹೋದರೆ, ಇಲ್ಲವೇ ರಿಜಿಸ್ಟ್ರಿಯಲ್ಲಿರುವ ಶೈಲಿಗಳ ಪಟ್ಟಿಯಿಂದ ಅದರ ಹೆಸರು ಅಳಿದರೆ, ಒಳಗಿನ ಸಂಕೇತಗಳು ಬರಿದಾಗಿ ಕಾಣಿಸುತ್ತವೆ. ಹಾಡುಗಳೆಲ್ಲ ಅಲ್ಲಿಯೇ ಇರುತ್ತವೆ. ವಿಚಾರಿಸಲಾಗಿ, ಹಿಂದಿನ ದಿನ ಮೊಮ್ಮಗ ಯಂತ್ರವನ್ನು ಚುರುಕುಗೊಳಿಸಲೆಂದು ಗುಡಿಸುವ ತಂತ್ರಾಂಶವೊಂದನ್ನು ಓಡಿಸಿದ್ದನೆಂದು ತಿಳಿಯಿತು. ಹುಡುಗನನ್ನು ಗದರಬೇಡಿರೆಂದು ಮೇಷ್ಟ್ರಿಗೆ ಕೇಳಿಕೊಂಡೆವು, ನಾವೂ ಅದೇ ದಾರಿಯಲ್ಲಿ ಬಿದ್ದವರಲ್ಲವೇ!

ಮೊದಲು ಕಡತವನ್ನು ಇದ್ದ ಹಾಗೆಯೇ, ತೆರೆದು ಮತ್ತೆ ಉಳಿಸದೆ, ಎರಡು ಪೆನ್‌ಡ್ರೈವುಗಳಿಗೆ ಪ್ರತಿ ಮಾಡಿಸಿದೆವು. ಆಮೇಲೆ ಮೊಮ್ಮಗನಿಂದಲೇ ನುಡಿಯನ್ನು ಮತ್ತೊಮ್ಮೆ ಸ್ಥಾಪಿಸಿ, ಯಂತ್ರವನ್ನು ಆರಿಸಿ ಎಬ್ಬಿಸಲು ಹೇಳಿದೆವು. ರಿಜಿಸ್ಟ್ರಿಯನ್ನು ಯಾರೂ ತೆರೆಯಬೇಕಾಗಲಿಲ್ಲ. ಸಂಜೆ ಮೇಷ್ಟ್ರು ದೂರವಾಣಿಯಲ್ಲಿ ಮಾತಿಗೆ ಬದಲು ತಾಯಿಯವರ ಒಂದು ತೊಟ್ಟಿಲ ಪದವನ್ನೇ ಓದಿ ಹೇಳಿದರು.

ಹಳೆಯ ನುಡಿ, ಬರಹ ಕಡತಗಳನ್ನು ಯಾವ ಯಂತ್ರದಲ್ಲಿಯೂ ಓದಬಲ್ಲ ಯುನಿಕೋಡಿಗೆ ಪರಿವರ್ತಿಸಿಕೊಳ್ಳುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಅಂಥ ಕಡತಗಳುಳ್ಳ ಮನೆಯವರು ಅಲ್ಲಿಯವರೆಗೆ ಯಂತ್ರದಿಂದ ಹೊರಗೆ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡಿರಬೇಕಾಗಿ ಕೋರುತ್ತೇವೆ.